ನೆಲ ಒಣಗಲಿ

ಅಂಗಿ ಫ್ಯಾಕ್ಟರಿಯ ಹೊಲಿಗೆ ಹಾಲ್‌ನ ಹೆಂಗಸರು ನೀರು ಕುಡಿಯುವುದನ್ನು ಬಿಟ್ಟು ಎರಡು ತಿಂಗಳಾಗುತ್ತ ಬಂದಿತ್ತು.

ಬಾಟಲಿ ತರುತ್ತಿದ್ದರು. ಮೆಷಿನ್ನಿನ ಕಾಲ ಹತ್ತಿರ ಇಡುತ್ತಿದ್ದರು. ನಾಲಿಗೆ ಅಂಟಿಕೊಂಡಾಗ ಮುಚ್ಚಳದಲ್ಲಿ ಒಂದಿಷ್ಟು ಸುರಿದು ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದರು, ಅಷ್ಟೆ. ಕುಡಿದರೆ ಕಕ್ಕಸಿಗೆ ಹೋಗಬೇಕು. ಕಕ್ಕಸಿನಲ್ಲಿ ದೆವ್ವ ಇತ್ತು.

ಇನ್ನೂರ ಎಂಬತ್ತು ಹೆಂಗಸರಿಗೆ ನಾಲ್ಕು ಕಕ್ಕಸು. ನಾಲ್ಕಕ್ಕೂ ಸೇರಿ ಹೊರಗೊಂದು ತಗಡಿನ ಬಾಗಿಲು. ಚಿಲಕ ಒಳಗಡೆ. ಒಬ್ಬಳೇ ಒಳಗೆ ಹೋದರೆ ಆ ತಗಡನ್ನು ಯಾರೋ ಮೂರು ಸಲ ಬಡಿಯುತ್ತಾರಂತೆ. ಹೊರಗೆ ಬಂದು ನೋಡಿದರೆ ಯಾರೂ ಇರುವುದಿಲ್ಲವಂತೆ. ಬಡಿಯುವವಳು ಯಾರು ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಎರಡು ತಿಂಗಳ ಹಿಂದೆ ಚಿಂದಿ ಕೋಣೆಯಲ್ಲಿ ರಕ್ತ ಹರಿದು ಸತ್ತವಳು. ಮೂರನೇ ಲೈನಿನಲ್ಲಿ ಕೂತು ಅಂಗಿಗೆ ಕಾಲರ್ ಹಚ್ಚುತ್ತಿದ್ದ ಹುಡುಗಿ.

ಇಬ್ಬಿಬ್ಬರು ಹೋಗಿದ್ದರೆ ಹೆದರಿಕೆ ಇರುತ್ತಿರಲಿಲ್ಲ. ಇಬ್ಬಿಬ್ಬರನ್ನು ಬಿಡುತ್ತಿರಲಿಲ್ಲ. ಸೂಪರ್‌ವೈಸರನ ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು. ಆದ್ದರಿಂದ ಅವನ ಹೆಸರೇ ಸೀಟಿ. ಎರಡನೆಯವಳು ಕುರ್ಚಿ ಬಿಟ್ಟು ಏಳುತ್ತಿದ್ದಂತೆ ಅವನು ಊದುತ್ತಿದ್ದ.

"ಹೋಗೋದಾದ್ರೆ ಒಬ್ಬಳೇ ಹೋಗಬೇಕು. ದೆವ್ವಕ್ಕೆ ಹೆದರೋರು ಹೋಗಲೇಬೇಡಿ. ನಾನೇನು ಕತ್ತು ಹಿಡಿದು ತಳ್ತೀನಾ?"

ಅಂಗಿಗಳು ಮೊದಲಿಗಿಂತ ಹೆಚ್ಚು ಹೊರಬೀಳತೊಡಗಿದವು. ಸೀಟಿಗೆ ದೆವ್ವದ ಮೇಲೆ ಪ್ರೀತಿ ಬಂತು. ಹೊಸದಾಗಿ ಸೇರಿದವರನ್ನು ಕೂರಿಸಿಕೊಂಡು ಅವನೇ ಕಥೆ ಹೇಳುತ್ತಿದ್ದ. ಹೇಳುವಾಗ ಬೆರಳಿನಿಂದ ಮೇಜನ್ನು ಮೂರು ಸಲ ಕುಟ್ಟುತ್ತಿದ್ದ.

ಆ ದೆವ್ವವನ್ನು ಹುಟ್ಟಿಸಿದವಳು ಫಿನೈಲಿ.

ಹಾಗೆ ಕರೆದವರು ಹೊಲಿಗೆಯವರೇ, ಮೈಗೆ ಫಿನೈಲ್ ವಾಸನೆ ಎಂದು. ಹನ್ನೊಂದು ವರ್ಷದಿಂದ ಅವರ ಕಕ್ಕಸು ತೊಳೆಯುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ಬಂದು, ಮೊಣಕಾಲೂರಿ, ಪಿಂಗಾಣಿಯ ಒಳಗೆ ಕೈ ಹಾಕಿ ಉಜ್ಜುತ್ತಿದ್ದಳು. ಗ್ಲೌಸು ಕೊಟ್ಟಿದ್ದರು, ವರ್ಷಕ್ಕೊಂದು ಜೊತೆ. ಅದು ಹದಿನೈದು ದಿನಕ್ಕೆ ಹರಿಯುತ್ತಿತ್ತು. ಆಸಿಡ್ಡು ತಿಂದು ಅವಳ ಬೆರಳ ಸಂದುಗಳು ಬಿಳಿಚಿ ಬಿರಿದಿದ್ದವು. ಊಟದ ಹೊತ್ತಿಗೆ ಅವಳು ಡಬ್ಬಿ ಹಿಡಿದು ಕ್ಯಾಂಟೀನಿಗೆ ಬಂದರೆ ಬೆಂಚಿನ ಆ ತುದಿ ಖಾಲಿಯಾಗುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಸುಮ್ಮನೆ ಡಬ್ಬಿ ಸರಿಸಿಕೊಳ್ಳುತ್ತಿದ್ದರು. ಆಮೇಲೆ ಅವಳೂ ಬರುವುದು ಬಿಟ್ಟಳು. ಮೆಟ್ಟಿಲ ಕೆಳಗೆ ಬಕೆಟ್ಟು, ಪೊರಕೆ ಇಡುವ ಗೂಡಿನಲ್ಲಿ ಕೂತು ತಿನ್ನುತ್ತಿದ್ದಳು.

ಹುಡುಗಿ ಸತ್ತ ದಿನ ತಪಾಸಣೆಯವರು ಬರುವವರಿದ್ದರು. ಅಂಗಿ ಕೊಳ್ಳುವ ಕಂಪನಿಯವರು. ಕೆಲಸದ ಹೆಂಗಸರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಎಂದು ಕಕ್ಕಸನ್ನೂ ನೋಡುತ್ತಾರೆ. ಆದ್ದರಿಂದ ಬೆಳಿಗ್ಗೆ ಹತ್ತರಿಂದ ಹೆಂಗಸರು ಕಕ್ಕಸಿಗೆ ಹೋಗುವಂತಿರಲಿಲ್ಲ. ಅದು ಅಲ್ಲಿನ ರೂಢಿ. ಹೆಂಗಸರ ಕಕ್ಕಸು ಹೆಂಗಸರಿಂದ ಗಲೀಜಾಗಬಾರದು. ನೋಡುವವರು ನೋಡಿ ಹೋಗುವ ತನಕ ಅದು ಕನ್ನಡಿ ಹಾಗೆ ಇರಬೇಕು.

"ಒಳಗಿಂದ ಚಿಲಕ ಹಾಕ್ಕೋ. ಅವರು ಬಂದಾಗ ನಾನು ಸೀಟಿ ಊದ್ತೀನಿ, ಆಗ ತೆಗಿ. ಅಷ್ಟರೊಳಗೆ ಯಾರಿಗಾದ್ರೂ ತೆಗೆದೆ ಅಂದ್ರೆ, ನಿನ್ನನ್ನು ಗೇಟಿನಾಚೆ ಹಾಕ್ತೀನಿ," ಎಂದಿದ್ದ ಸೀಟಿ.

ಫಿನೈಲಿ ಚಿಲಕ ಹಾಕಿಕೊಂಡು ನಲ್ಲಿಗಳನ್ನು ಒರೆಸುತ್ತಿದ್ದಳು. ಬಾಗಿಲು ಬಡಿದ ಸದ್ದಾಯಿತು.

"ಅಕ್ಕಾ, ಬಾಗಿಲು ತೆಗಿ."

ದನಿ ಗುರುತು ಸಿಕ್ಕಿತು. ಕಾಲರಿನ ಹುಡುಗಿ. ಹಿಂದಿನ ವಾರ ಇದೇ ಹುಡುಗಿ ಇವಳು ಪಕ್ಕದಲ್ಲಿ ಹಾದಾಗ ಮೂಗಿಗೆ ಕಾಲರ್ ತುಂಡು ಒತ್ತಿಕೊಂಡು ಕಣ್ಣು ಮೇಲೆ ಮಾಡಿದ್ದಳು. ಇಡೀ ಲೈನು ನಕ್ಕಿತ್ತು.

"ನೆಲ ಒಣಗಲಿ, ತಡಿ," ಎಂದಳು ಫಿನೈಲಿ.

ಎರಡನೇ ಸಲ ಬಡಿದಳು. "ಅಕ್ಕಾ, ನಂಗೇನೋ ಆಗ್ತಿದೆ. ಒಂದು ನಿಮಿಷ."

ಫಿನೈಲಿ ನಲ್ಲಿ ಒರೆಸಿದಳು.

ಮೂರನೇ ಸಲ ಬಡಿದದ್ದು ಬಹಳ ಮೆಲ್ಲಗೆ. ಅಂಗೈಯಿಂದ ತಟ್ಟಿದ ಹಾಗೆ. ಆಮೇಲೆ ಚಪ್ಪಲಿ ಎಳೆದುಕೊಂಡು ಹೋದ ಸದ್ದು.

ತಪಾಸಣೆಯವರು ಬಂದರು, ಮೂಸಿದರು, ಸಂತೋಷಪಟ್ಟರು. ಅವರು ಹೋದ ಮೇಲೆ ಫಿನೈಲಿ ಒರೆಸುವ ಬಟ್ಟೆ ತರಲು ಚಿಂದಿ ಕೋಣೆಗೆ ಹೋದಳು. ಕತ್ತರಿಸಿ ಉಳಿದ ತುಂಡುಗಳ ರಾಶಿ ಅಲ್ಲಿರುತ್ತಿತ್ತು. ಹುಡುಗಿ ರಾಶಿಯ ಹಿಂದೆ ಮುದುಡಿ ಮಲಗಿದ್ದಳು. ಬಿಳಿ ತುಂಡು, ನೀಲಿ ತುಂಡು ಎಂದು ನೋಡದೆ ಕೈಗೆ ಸಿಕ್ಕಿದ್ದನ್ನೆಲ್ಲ ತೊಡೆಯ ನಡುವೆ ತುರುಕಿಕೊಂಡಿದ್ದಳು. ನಾಲ್ಕು ತಿಂಗಳ ಬಸುರಿ. ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆಂದು ಹೊಟ್ಟೆಯನ್ನು ಬಿಗಿದು ಕಟ್ಟಿಕೊಂಡು ಬರುತ್ತಿದ್ದಳು. ಮೈ ಇನ್ನೂ ಬೆಚ್ಚಗಿತ್ತು. ಆಸ್ಪತ್ರೆಯ ಗಾಡಿ ಬರುವಷ್ಟರಲ್ಲಿ ಆ ಬಿಸಿಯೂ ಹೋಯಿತು.

ಅಂದಿನಿಂದ ಫಿನೈಲಿಗೆ ಆ ಸದ್ದು ಕೇಳತೊಡಗಿತು. ಪಿಂಗಾಣಿ ಉಜ್ಜುವಾಗ, ಮನೆಯಲ್ಲಿ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದಾಗ. ಎರಡು ಸಲ ಜೋರು, ಒಂದು ಸಲ ಮೆಲ್ಲಗೆ. ಒಂದು ದಿನ ತಡೆಯಲಾರದೆ ಕ್ಯಾಂಟೀನಿನ ಚಹಾದವಳ ಹತ್ತಿರ ಬಾಯಿಬಿಟ್ಟಳು. "ಕಕ್ಕಸಿನ ಬಾಗಿಲು ಯಾರೋ ಬಡೀತಾರೆ ಕಣೇ. ಮೂರು ಸಲ. ತೆಗೆದ್ರೆ ಯಾರೂ ಇರಲ್ಲ." ಅರ್ಧ ಮಾತ್ರ ಹೇಳಿದ್ದಳು. ಉಳಿದರ್ಧವನ್ನು ಹೊಲಿಗೆಯವರು ತಾವೇ ಸೇರಿಸಿಕೊಂಡರು. ವಾರದೊಳಗೆ ಐದಾರು ಜನ ಆ ಸದ್ದನ್ನು ತಮ್ಮ ಕಿವಿಯಿಂದಲೇ ಕೇಳಿದ್ದರು.

ಗುಂಡಿಯಕ್ಕ ಮೆಟ್ಟಿಲ ಕೆಳಗಿನ ಗೂಡಿಗೆ ಬಂದದ್ದು ಒಂದು ಮಧ್ಯಾಹ್ನ. ಅಂಗಿಗೆ ಗುಂಡಿ ಹಚ್ಚುವವಳು. ದಪ್ಪ ಹೆಂಗಸು, ದೊಡ್ಡ ಬಾಯಿ. ಕೈಯಲ್ಲಿ ತನ್ನ ಡಬ್ಬಿ ಹಿಡಿದಿದ್ದಳು. ಬಗ್ಗಿ ಒಳಗೆ ತೂರಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

"ಇಲ್ಲೇ ಉಣ್ತೀಯಾ ದಿನಾ?"

"ಹನ್ನೊಂದು ವರ್ಷ ಆಯ್ತು. ಇವತ್ತು ಕಾಣಿಸ್ತಾ?"

"ಬೈಯೋದಾದ್ರೆ ಬೈದು ಮುಗಿಸು. ನಂಗೆ ಇಪ್ಪತ್ತು ನಿಮಿಷ ಇದೆ."

"ಬೈಯೋಕೆ ಇಪ್ಪತ್ತು ನಿಮಿಷ ಸಾಲಲ್ಲ."

ಗುಂಡಿಯಕ್ಕ ನಕ್ಕಳು. ಫಿನೈಲಿ ನಗಲಿಲ್ಲ.

"ನೋಡು, ನಾವು ಸಂಘ ಕಟ್ತಿದೀವಿ. ಹೊಲಿಗೆಯವರು, ಇಸ್ತ್ರಿಯವರು, ಕ್ಯಾಂಟೀನಿನವರು, ನೀವು ಕ್ಲೀನಿಂಗಿನವರು, ಎಲ್ಲಾ ಒಂದೇ. ಗುರುವಾರ ಕಾರ್ಮಿಕ ಇಲಾಖೆಯ ಸಾಹೇಬರು ವಿಚಾರಣೆಗೆ ಬರ್ತಾರೆ. ಆ ಹುಡುಗಿ ಕೆಲಸ ಕದ್ದು ಚಿಂದಿ ಕೋಣೇಲಿ ಮಲಗೋಕೆ ಹೋಗಿದ್ಲು, ಕಕ್ಕಸು ಇಡೀ ದಿನ ತೆರೆದೇ ಇತ್ತು ಅಂತ ಕಂಪನಿಯವರು ಬರ್ಕೊಟ್ಟಿದಾರೆ. ತೆರೆದಿತ್ತೋ ಮುಚ್ಚಿತ್ತೋ, ಹೇಳಬೇಕಾದೋಳು ನೀನು."

"ನಾನ್ಯಾಕೆ ಹೇಳ್ಲಿ? ನಿಮ್ಮೋಳು ಸತ್ತಾಗ ನಾನು ಬೇಕಾದೆ. ನಮ್ಮೋಳೊಬ್ಬಳು ಆಸಿಡ್ ಹೊಗೆ ಕುಡಿದು ಬಿದ್ದಾಗ ನಿಮ್ಮ ಲೈನಿಂದ ಒಬ್ಬಳೂ ತಲೆ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸ್ತಾ ಕೂತಿದ್ರಿ."

ಗುಂಡಿಯಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಹೌದು, ಕೂತಿದ್ವಿ," ಎಂದಳು. ಡಬ್ಬಿ ಮುಚ್ಚಿ, "ಭಾನುವಾರ ಹಳೇ ಹಿಟ್ಟಿನ ಗಿರಣೀಲಿ ಸೇರ್ತೀವಿ. ಬಂದು ಎಲ್ಲರ ಮುಂದೆ ಇದನ್ನೇ ಬೈ," ಎಂದು ಎದ್ದಳು.

ಮರುದಿನ ಸೀಟಿ ಕರೆಸಿದ. ಟೈಪು ಮಾಡಿದ ಹಾಳೆ ಮುಂದಿಟ್ಟ. ಅಂದು ಕಕ್ಕಸಿನ ಬಾಗಿಲು ದಿನವಿಡೀ ತೆರೆದಿತ್ತು, ಯಾರೂ ಬಂದು ಕೇಳಲಿಲ್ಲ, ಎಂದು ಬರೆದಿತ್ತು. ಕೆಳಗೆ ಸಹಿಗೆ ಜಾಗ.

"ಮುಚ್ಚಿತ್ತು ಅಂದ್ರೆ ಏನಾಗುತ್ತೆ ಗೊತ್ತಾ? ಮುಚ್ಚಿದ್ದು ಯಾರು ಅಂತ ಕೇಳ್ತಾರೆ. ಚಿಲಕ ಹಾಕಿದ ಕೈ ಯಾವುದು? ನಂದಾ? ನಾನು ಹೆಂಗಸರ ಕಕ್ಕಸಿಗೆ ಬರ್ತೀನಾ? ಪೊಲೀಸಿನವರು ನಿನ್ನನ್ನೇ ಎಳ್ಕೊಂಡು ಹೋಗ್ತಾರೆ. ಸಹಿ ಹಾಕು. ಮುಂದಿನ ತಿಂಗಳು ಖಾಯಂ ಮಾಡಿಸ್ತೀನಿ."

"ಮನೇಲಿ ಓದಿಸಿ ತರ್ತೀನಿ ಸಾರ್."

ಓದಲು ಬಾರದವಳಲ್ಲ. ಅಲ್ಲಿಂದ ಹೊರಗೆ ಬರಬೇಕಿತ್ತು, ಅಷ್ಟೆ.

ಮನೆಯಲ್ಲಿ ಅತ್ತೆ ಹಾಸಿಗೆಯ ಮೇಲೆ ಕೂತು ಕೆಮ್ಮುತ್ತಿದ್ದಳು. ಅದೇ ಕಕ್ಕಸುಗಳನ್ನು ಇವಳಿಗಿಂತ ಮೊದಲು ಇಪ್ಪತ್ತು ವರ್ಷ ತೊಳೆದವಳು ಅವಳೇ. ಎದೆ ಕೆಟ್ಟ ಮೇಲೆ ಪೊರಕೆಯನ್ನು ಸೊಸೆಗೆ ಕೊಟ್ಟಿದ್ದಳು. ಫಿನೈಲಿ ಮೊದಲ ಬಾರಿಗೆ ಎಲ್ಲವನ್ನೂ ಹೇಳಿದಳು. ಬಡಿದದ್ದು, ಕರೆದದ್ದು, ತಾನು ತೆಗೆಯದೆ ಇದ್ದದ್ದು.

"ನಾನೂ ಹಾಕಿದೀನಿ," ಎಂದಳು ಅತ್ತೆ.

"ಏನನ್ನ?"

"ಚಿಲಕಾನ. ದೊಡ್ಡೋರು ಬಂದಾಗೆಲ್ಲ ಹಾಕ್ತಿದ್ದೆ. ಎಷ್ಟು ಸಲ ಅಂತ ಲೆಕ್ಕ ಇಲ್ಲ. ಹೊರಗೆ ನಿಂತು ಅಳೋರು, ಬೈಯೋರು, ಅಲ್ಲೇ ಬಟ್ಟೆ ಒದ್ದೆ ಮಾಡ್ಕೊಂಡು ಓಡಿಹೋಗೋರು. ನಾನು ಒಳಗೆ ಹಾಯಾಗಿ ಕೂತು ಎಲೆ ಅಡಿಕೆ ಹಾಕ್ಕೊಳ್ತಿದ್ದೆ. ನನ್ನ ಅದೃಷ್ಟ, ಯಾರೂ ಸಾಯಲಿಲ್ಲ."

"ಈಗ ನಾನೇನು ಮಾಡ್ಲಿ ಅತ್ತೆ?"

"ಸಹಿ ಹಾಕು. ಹೇಳಿದ್ರೆ ಆ ಹೊಲಿಗೆಯವರು ನಿನ್ನ ಕೈ ಹಿಡ್ಕೊಂಡು ಪಕ್ಕದಲ್ಲಿ ಕೂರಿಸ್ಕೊಳ್ತಾರೆ ಅಂದ್ಕೊಂಡಿದೀಯಾ? ತಿಂದು ಹಾಕ್ತಾರೆ." ಮತ್ತೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಗೋಡೆಯ ಕಡೆ ತಿರುಗಿ, "ಆದ್ರೆ ನನ್ನ ಹತ್ರ ಕೇಳಬೇಡ. ನಾನು ಹೇಳೋದೆಲ್ಲ ಹೆದರಿದೋಳ ಮಾತು," ಎಂದಳು.

ಭಾನುವಾರ ಗಿರಣಿಯಲ್ಲಿ ಅರವತ್ತು ಜನ ಇದ್ದರು. ಮುಂದೆ ಚಾಪೆಯ ಮೇಲೆ ಹೊಲಿಗೆಯವರು, ಹಿಂದೆ ಇಸ್ತ್ರಿಯವರು, ಕ್ಯಾಂಟೀನಿನವರು. ಫಿನೈಲಿ, ಅವಳ ಜೊತೆಯ ಇಬ್ಬರು ಕ್ಲೀನಿಂಗಿನವರು ಬಾಗಿಲ ಹತ್ತಿರ, ಹಿಟ್ಟಿನ ಧೂಳಿನ ಮೇಲೆ. ಬಾಯಿಬಿಟ್ಟು ಯಾರೂ ಅಲ್ಲಿ ಕೂರಿ ಎಂದಿರಲಿಲ್ಲ. ಕಾಲುಗಳಿಗೆ ಗೊತ್ತಿತ್ತು.

ಸತ್ತ ಹುಡುಗಿಯ ಸ್ವಂತ ಅಕ್ಕ ಮೊದಲ ಸಾಲಿನಲ್ಲಿದ್ದಳು. ಅಂಗಿಯ ತೋಳಿನ ತುದಿಗೆ ಕಫ್ ಹೊಲಿಯುವವಳು. ಕಫ್ಫಿನಕ್ಕ ಎನ್ನುತ್ತಿದ್ದರು. ತಂಗಿ ಸತ್ತ ಮೇಲೆ ಅವಳು ಯಾರೊಂದಿಗೂ ನಾಲ್ಕು ಮಾತಿಗಿಂತ ಹೆಚ್ಚು ಆಡಿರಲಿಲ್ಲ.

ಮಾತು ಶುರುವಾದದ್ದೇ ದೆವ್ವದಿಂದ. ಹಿಂದಿನ ದಿನ ಐದನೇ ಲೈನಿನ ಹುಡುಗಿಯೊಬ್ಬಳು ಮೆಷಿನ್ನಿನ ಮೇಲೆ ಬೋರಲು ಬಿದ್ದಿದ್ದಳು. ನೀರು ಕುಡಿಯದೆ, ಉಚ್ಚೆ ಕಟ್ಟಿ, ಕಿಡ್ನಿಗೆ ಏನೋ ಆಗಿದೆ ಎಂದಿದ್ದರು ಆಸ್ಪತ್ರೆಯವರು.

"ಇದೂ ಅವಳದ್ದೇ ಕೆಲಸ. ಒಬ್ಬಳೇ ಹೋದ್ಲು, ಜೊತೆಗೆ ಬೇಕು ಅಂತ ಕರೀತಿದಾಳೆ," ಎಂದಳು ಇಸ್ತ್ರಿಯವಳೊಬ್ಬಳು.

"ಬದುಕಿದ್ದಾಗ ಆ ಬಾಗಿಲೊಳಗೆ ಬಿಡಲಿಲ್ಲ. ಸತ್ತ ಮೇಲೆ ಅವಳನ್ನೇ ಕಾವಲಿಗೆ ಕೂರಿಸಿದಾನೆ ನೋಡಿ ಆ ಸೀಟಿ. ಸಂಬಳ ಇಲ್ಲದ ವಾಚ್‌ಮನ್," ಎಂದಳು ಗುಂಡಿಯಕ್ಕ. ಒಂದಿಬ್ಬರು ನಗಲು ಹೋಗಿ ಕಫ್ಫಿನಕ್ಕನ ಮುಖ ನೋಡಿ ನಿಲ್ಲಿಸಿದರು.

ಕಫ್ಫಿನಕ್ಕ ಅಂದಳು: "ನನ್ನ ತಂಗಿ ಇರುವೆ ತುಳಿದೋಳಲ್ಲ. ಅವಳ್ಯಾಕೆ ನಿಮ್ಮ ಪ್ರಾಣ ತಿಂತಾಳೆ? ಆದ್ರೂ ಎಲ್ರೂ ಅವಳನ್ನೇ ದೆವ್ವ ಅಂತೀರಿ. ನಂಗೆ ಮನೇಲಿ ಅವಳ ಬಟ್ಟೆ ಮುಟ್ಟೋಕೆ ಭಯ ಆಗೋ ಹಾಗೆ ಮಾಡಿದ್ರಿ."

ಬಾಗಿಲ ಹತ್ತಿರ ಫಿನೈಲಿ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಿರಲಿಲ್ಲ.

"ದೆವ್ವ ಇಲ್ಲ," ಎಂದಳು.

ಎಲ್ಲರೂ ತಿರುಗಿದರು.

"ದೆವ್ವ ಇಲ್ಲ. ಆ ಕಥೆ ನಾನು ಹೇಳಿದ್ದು. ಬಡಿದಿದ್ದು ಅವಳೇ, ಆದ್ರೆ ಸತ್ತ ಮೇಲಲ್ಲ. ಬದುಕಿದ್ದಾಗ. ಅವತ್ತು. ನಾನು ಒಳಗಿದ್ದೆ. ಅಕ್ಕಾ ಬಾಗಿಲು ತೆಗಿ ಅಂದ್ಲು. ನಂಗೇನೋ ಆಗ್ತಿದೆ ಅಂದ್ಲು. ನಾನು ತೆಗೀಲಿಲ್ಲ."

ಹೊರಗೆ ರಸ್ತೆಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು.

"ತೆಗೀಬೇಡ ಅಂದಿದ್ದ, ಸೀಟಿ. ಅದು ನಿಜ. ಆದ್ರೆ ಅದಷ್ಟೇ ಅಲ್ಲ. ಅದರ ಹಿಂದಿನ ವಾರ ಅವಳು ನನ್ನ ನೋಡಿ ಮೂಗು ಮುಚ್ಕೊಂಡಿದ್ಲು. ನೀವೆಲ್ಲ ನಕ್ಕಿದ್ರಿ. ಈಗ ಅಕ್ಕಾ ಅಂತಾಳೆ, ನಿಂತ್ಕೊಳ್ಳಲಿ ಸ್ವಲ್ಪ, ಅನ್ನಿಸ್ತು. ನಂಗೆ ಒಳಗೊಳಗೆ ಖುಷಿ ಆಯ್ತು."

ಕಫ್ಫಿನಕ್ಕ ಚಾಪೆ ದಾಟಿ ಬಂದಳು. ಜನ ದಾರಿ ಬಿಟ್ಟರು. ಮೊದಲ ಏಟು ಕೆನ್ನೆಗೆ ಬಿತ್ತು. ಆಮೇಲೆ ಎಲ್ಲೆಲ್ಲಿ ಬಿತ್ತೋ. ತಲೆಗೆ, ಎದೆಗೆ, ಬೆನ್ನಿಗೆ. ಫಿನೈಲಿ ಕೈ ಎತ್ತಲಿಲ್ಲ. ಗೋಡೆಗೆ ಆತು ಜಾರಿ ಕೂತಳು. ತುಟಿ ಒಡೆದು ಹಿಟ್ಟಿನ ಧೂಳಿನ ಮೇಲೆ ರಕ್ತ ಬಿತ್ತು. ಯಾರೂ ಬಿಡಿಸಲು ಬರಲಿಲ್ಲ. ಕಫ್ಫಿನಕ್ಕನ ಕೈ ತಾನಾಗಿ ಸೋತಾಗ ಅವಳೂ ಅಲ್ಲೇ ಕುಸಿದಳು.

"ಎಷ್ಟು ಹೊತ್ತು ನಿಂತಿದ್ಲು?" ಎಂದು ಕೇಳಿದಳು.

"ಒಂದು ಬಕೆಟ್ಟು ನೀರು ತುಂಬೋಷ್ಟು ಹೊತ್ತು."

ಸಭೆ ಮುಗಿಯಿತು ಎಂದು ಯಾರೂ ಹೇಳಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ಗುಂಡಿಯಕ್ಕ ಕೊನೆಗೆ ಉಳಿದು ಒದ್ದೆ ಬಟ್ಟೆ ತಂದು ಫಿನೈಲಿಯ ತುಟಿ ಒತ್ತಿದಳು. "ನಕ್ಕೋರಲ್ಲಿ ನಾನೂ ಒಬ್ಬಳು," ಎಂದಳು.

ಗುರುವಾರ ವಿಚಾರಣೆ ಫ್ಯಾಕ್ಟರಿಯ ಆಫೀಸು ಕೋಣೆಯಲ್ಲಿ. ಸಾಹೇಬರು ಮೇಜಿನ ಆ ಕಡೆ, ಪಕ್ಕದಲ್ಲಿ ಮ್ಯಾನೇಜರು, ಗೋಡೆಗೆ ಸೀಟಿ. ಕರೆದಿದ್ದು ಫಿನೈಲಿಯೊಬ್ಬಳನ್ನೇ. ಆದರೆ ಊಟದ ಬಿಡುವಿನಲ್ಲಿ ಹೆಂಗಸರು ಕೋಣೆಯ ಹೊರಗಿನ ಓಣಿಯ ತುಂಬ ಬಂದು ನಿಂತಿದ್ದರು. ಬಾಗಿಲು ಹಾಕಲು ಹೋದ ಜವಾನನಿಗೆ ಗುಂಡಿಯಕ್ಕ ಕಾಲು ಅಡ್ಡ ಇಟ್ಟಳು. "ಬಾಗಿಲು ಹಾಕೋದು ಇವತ್ತಿಂದ ಬಂದ್ ಕಣಣ್ಣಾ."

ಸೀಟಿ ಹಾಳೆ ಮುಂದೆ ಮಾಡಿದ. "ಸಹಿ ಒಂದು ಬಾಕಿ ಇದೆ ಸಾರ್."

ಫಿನೈಲಿ ಹಾಳೆ ತೆಗೆದುಕೊಂಡಳು. ನಾಲ್ಕು ಮಡಿಕೆ ಮಡಿಚಿ ಮೇಜಿನ ಕಾಲಿನ ಕೆಳಗೆ ತಳ್ಳಿದಳು. ಮೇಜು ಅಲ್ಲಾಡುತ್ತಿತ್ತು.

"ಬರೆದಿರೋದು ಸುಳ್ಳು. ಬಾಗಿಲು ಹತ್ತು ಗಂಟೆಯಿಂದ ಮುಚ್ಚಿತ್ತು. ಚಿಲಕ ಹಾಕಿದ ಕೈ ಇದು. ಹಾಕು ಅಂದ ಬಾಯಿ ಅದು." ಬೆರಳು ಗೋಡೆಯ ಕಡೆ ತೋರಿಸಿತು. "ಹುಡುಗಿ ಬಂದು ಮೂರು ಸಲ ಬಡಿದ್ಲು. ನಾನು ತೆಗೀಲಿಲ್ಲ. ನನ್ನನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರೋ ಹೋಗಿ. ಒಬ್ಬಳೇ ಬರಲ್ಲ. ಅವನನ್ನೂ ಕರ್ಕೊಳ್ಳಿ."

"ಸುಳ್ಳು ಸಾರ್. ಇವಳಿಗೆ ಆ ಹುಡುಗಿ ಮೇಲೆ ದ್ವೇಷ ಇತ್ತು," ಎಂದ ಸೀಟಿ.

"ದ್ವೇಷ ಇತ್ತು. ಅದನ್ನೂ ಬರ್ಕೊಳ್ಳಿ," ಎಂದಳು ಫಿನೈಲಿ.

ಸಾಹೇಬರು ಪೆನ್ನು ಕೆಳಗಿಟ್ಟರು. "ಚಿಲಕ ಹಾಕು ಅಂತ ಈ ಸೂಪರ್‌ವೈಸರ್ ಹೇಳಿದ್ದನ್ನ ಬೇರೆ ಯಾರಾದ್ರೂ ಕೇಳಿದಾರಾ?"

ಯಾರೂ ಕೇಳಿರಲಿಲ್ಲ. ಹೇಳಿದ್ದು ಮೆಟ್ಟಿಲ ಕೆಳಗೆ, ಅವಳೊಬ್ಬಳಿಗೆ. ಸೀಟಿಯ ಮುಖ ಸಡಿಲವಾಯಿತು.

ಆಗ ಕಫ್ಫಿನಕ್ಕ ಜನರನ್ನು ತಳ್ಳಿಕೊಂಡು ಒಳಗೆ ಬಂದಳು. ಫಿನೈಲಿಯ ಕಡೆ ನೋಡಲಿಲ್ಲ. ಸಾಹೇಬರನ್ನೇ ನೋಡುತ್ತ ಹೇಳಿದಳು.

"ಚಿಲಕದ ಮಾತು ನಾನು ಕೇಳಿಲ್ಲ. ಆದ್ರೆ ಅವತ್ತು ಹತ್ತು ಗಂಟೆಗೆ ಈ ಮನುಷ್ಯ ಹಾಲ್ ನಡುವೆ ನಿಂತು ಸೀಟಿ ಊದಿ ಹೇಳಿದ. ದೊಡ್ಡೋರು ಹೋಗೋ ತನಕ ಯಾರೂ ಏಳಬಾರದು, ಗಂಟು ಹಾಕ್ಕೊಂಡು ಕೂತ್ಕೊಳ್ಳಿ ಅಂತ. ನಾವೆಲ್ಲ ತಲೆ ಬಗ್ಗಿಸಿ ಹೊಲೀತಿದ್ವಿ. ನನ್ನ ತಂಗಿ ಎರಡು ಮೆಷಿನ್ ಆಚೆ ಇದ್ಲು. ನನ್ನ ಕಡೆ ನೋಡಿದ್ಲು. ಸುಮ್ನೆ ಕೂರು ಅಂತ ನಾನು ಕಣ್ಣು ಸನ್ನೆ ಮಾಡಿದೆ."

ಮತ್ತೆ ಹೇಳಿದಳು, "ನಾನೇ ಸನ್ನೆ ಮಾಡಿದೆ."

"ಊದಿದ್ದ ಸಾರ್. ನಾನೂ ಕೇಳಿದೀನಿ," ಎಂದಳು ಓಣಿಯಿಂದ ಗುಂಡಿಯಕ್ಕ. "ನಾನೂ," ಎಂದಳು ಐದನೇ ಲೈನಿನ ಇನ್ನೊಬ್ಬಳು. ಮೇಲಿನವರಿಗೆ ಚಹಾ ಕೊಡಲು ಹೋಗಿದ್ದ ಚಹಾದವಳು, ಹಾದು ಹೋಗುವಾಗ ಕಕ್ಕಸಿನ ಬಾಗಿಲಿಗೆ ಕೈ ಹಾಕಿದ್ದೆ, ಒಳಗಿಂದ ಬಿಗಿದಿತ್ತು ಎಂದಳು. ನಾನೂ, ನಾನೂ ಎನ್ನುವ ದನಿ ಓಣಿಯ ಕೊನೆಯವರೆಗೆ ಹೋಯಿತು. ಎರಡು ತಿಂಗಳು ಆ ಮಾತು ಇನ್ನೂರ ಎಂಬತ್ತು ಬಾಯಲ್ಲಿ ಇತ್ತು. ಒಂದು ಬಾಯಿಯೂ ತೆರೆದಿರಲಿಲ್ಲ.

"ಒಬ್ಬೊಬ್ಬರೇ ಬನ್ನಿ, ಹೆಸರು ಹೇಳಿ," ಎಂದರು ಸಾಹೇಬರು.

ಬರೆದು ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಮುಂದೆ ಏನಾಗುತ್ತದೆಂದು ಅವರು ಹೇಳಲಿಲ್ಲ. ಹಾಳೆಗಳ ಕಟ್ಟು ಹಿಡಿದು ಕಾರು ಹತ್ತಿದರು.

ಮೆಟ್ಟಿಲಲ್ಲಿ ಕಫ್ಫಿನಕ್ಕ ದಾರಿ ತಡೆದು ನಿಂತಿದ್ದಳು. ಫಿನೈಲಿ ಎರಡು ಮೆಟ್ಟಿಲು ಮೇಲೆಯೇ ನಿಂತಳು.

"ನಿನ್ನ ಮುಖ ನೋಡಿದ್ರೆ ನಂಗೆ ಈಗಲೂ ಹೊಡೀಬೇಕು ಅನ್ನಿಸುತ್ತೆ. ಅದು ಹೋಗಲ್ಲ. ನೀನು ನನ್ನ ಮನೆಗೆ ಬರಬೇಡ. ನನ್ನ ಹತ್ರ ಅಳಬೇಡ."

"ಇಲ್ಲ."

"ನಾಳೆ ನಿನ್ನನ್ನ ಗೇಟಲ್ಲಿ ತಡೀತಾರೆ. ತಡೆದ್ರೆ ಮನೆಗೆ ಹೋಗಬೇಡ. ಅಲ್ಲೇ ನಿಂತ್ಕೋ."

ಮರುದಿನ ಬೆಳಿಗ್ಗೆ ಏಳಕ್ಕೆ ಗೇಟಿನವನು ಫಿನೈಲಿಯನ್ನು ತಡೆದ. ಒಳಗೆ ಬಿಡಬಾರದೆಂದು ಮೇಲಿನಿಂದ ಹೇಳಿದ್ದಾರೆ ಎಂದ. ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತಳು. ಎಂಟಕ್ಕೆ ಹೊಲಿಗೆಯವರು ಬಸ್ಸಿಳಿದು ಬಂದರು. ಮುಂದಿದ್ದವಳು ಕಫ್ಫಿನಕ್ಕ. ಗೇಟು ದಾಟದೆ ಗೋಡೆಯ ಕಡೆ ತಿರುಗಿ ಬಂದು ನಿಂತಳು. ಹಿಂದೆ ಗುಂಡಿಯಕ್ಕ, ಅವಳ ಹಿಂದೆ ಇಸ್ತ್ರಿಯವರು, ಕ್ಯಾಂಟೀನಿನವರು. ಗೋಡೆಯುದ್ದಕ್ಕೂ ಹೆಂಗಸರು ಒಬ್ಬರಿಗೊಬ್ಬರು ಭುಜ ತಾಗಿಸಿ ನಿಂತರು. ಒಳಗೆ ಸೀಟಿ ಕೂಗಿತು. ಮತ್ತೆ ಕೂಗಿತು. ಯಾರೂ ಕದಲಲಿಲ್ಲ.

ಫಿನೈಲಿಗೂ ಕಫ್ಫಿನಕ್ಕನಿಗೂ ನಡುವೆ ಮಾತ್ರ ಒಬ್ಬಳು ನಿಲ್ಲುವಷ್ಟು ಜಾಗ ಉಳಿದಿತ್ತು. ತಡವಾಗಿ ಬಂದವರು ಸಾಲಿನ ಕೊನೆಗೆ ಹೋಗಿ ನಿಂತರು. ಆ ಜಾಗಕ್ಕೆ ಯಾರೂ ಬರಲಿಲ್ಲ.